ಅಲ್ ಥುಮಾಮಾದಲ್ಲಿ ಎರ್ಗೆಟಿವ್ ಪ್ರಸಂಗ

ಮನುಷ್ಯ ಮಾಡಿದ ಕೆಲಸಕ್ಕೆ ಮನುಷ್ಯನೇ ಹೊಣೆ ಎಂಬ ಒಂದು ತತ್ವದ ಮೇಲೆ ಧರ್ಮ, ನ್ಯಾಯ, ನಾಗರಿಕತೆ ಮೂರೂ ನಿಂತಿವೆ ಎಂದು ಹಿರಿಯರು ಹೇಳುತ್ತಾರೆ. ಹಿರಿಯರು ಸರಕು ಸಾಗಣೆಯ ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ. ಕತಾರಿನ ಹಮದ್ ಬಂದರಿನ ಹತ್ತಿರದ ನಮ್ಮ ಕಚೇರಿಯಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಎಲ್ಲವೂ ತಾನೇ ಆಗಿರುತ್ತದೆ. ಪೆಟ್ಟಿಗೆ ಒಡೆದಿರುತ್ತದೆ. ಕಾಗದ ತಪ್ಪಿರುತ್ತದೆ. ತಣ್ಣಗಿರಬೇಕಾದ ಕಂಟೇನರು ಬೆಚ್ಚಗಾಗಿ, ಒಳಗೆ ಒಮ್ಮೆ ಸತ್ತು ಬಂದ ಕೋಳಿಗಳು ಎರಡನೆಯ ಸಲ ಸತ್ತಿರುತ್ತವೆ. ಇಂಥ ಹಾನಿಗಳ ವರದಿ ಬರೆಯುವುದು ನನ್ನ ಉದ್ಯೋಗ. ಕರ್ತೃವಿಲ್ಲದ ವಾಕ್ಯ ಬರೆಯುವುದರಲ್ಲಿ ನನಗೆ ಸಿದ್ಧಿಸಿರುವ ಪರಿಣತಿಯನ್ನು ಕಂಪನಿ ತಿಂಗಳಿಗೊಮ್ಮೆ ಗೌರವಿಸುತ್ತದೆ. ಅದಕ್ಕೆ ಸಂಬಳ ಎನ್ನುವುದು ವಾಡಿಕೆ.

ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವನು ದಕ್ಷಿಣ ಸುಡಾನಿನವನು. ಬಿಳಿ ನೈಲ್ ನದಿಯ ದಂಡೆಯ ಊರು. ಸುಂಕದವರ ಅರಬ್ಬಿ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸುವುದು ಅವನ ಕೆಲಸ. ಎತ್ತರದ ಆಳು, ಮೆಲುದನಿ, ಸದಾ ಇಸ್ತ್ರಿ ಮಾಡಿದ ಅಂಗಿ. ನನ್ನನ್ನು ‘ಉಸ್ತಾದ್’ ಎಂದು ಕರೆಯುತ್ತಿದ್ದ. ಅವರ ಕಡೆ ವಯಸ್ಸಾದ ಯಾರನ್ನಾದರೂ ಹಾಗೆ ಕರೆಯುತ್ತಾರಂತೆ. ಮೈಸೂರಿನವನಾದ ನಾನು ಅದನ್ನು ನನ್ನ ಪಾಂಡಿತ್ಯಕ್ಕೆ ಸಂದ ಮನ್ನಣೆ ಎಂದೇ ಬಹಳ ದಿನ ತಿಳಿದಿದ್ದೆ.

ಅವನು ಯುರೋಪಿನ ಒಂದು ವಿಶ್ವವಿದ್ಯಾಲಯಕ್ಕೆ ದೂರದಿಂದಲೇ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದಾನೆ ಎಂಬುದು ತಿಳಿದದ್ದು ತಡವಾಗಿ. ವಿಷಯ ಏನೆಂದು ಕೇಳಿದೆ. ‘ಆಫ್ರಿಕಾದ ಭಾಷೆಗಳಲ್ಲಿ ಎರ್ಗೆಟಿವ್ ವ್ಯಾಕರಣ ಎಲ್ಲಿಂದ ಬಂತು’ ಎಂದ. ನಾನು ‘ಒಳ್ಳೆಯದು’ ಎಂದು ಹೇಳಿ ಕಾಫಿಗೆ ಎದ್ದೆ. ನಾಗರಿಕ ಸಮಾಜದಲ್ಲಿ ಇಂಥ ಉತ್ತರಕ್ಕೆ ಬೇರೆ ಪ್ರತಿಕ್ರಿಯೆ ಇಲ್ಲ. ಆದರೆ ಅವನು ಕಾಫಿ ಯಂತ್ರದ ತನಕ ಹಿಂದೆಯೇ ಬಂದ.

ಅಲ್ಲಿ ನಿಂತು ಅವನು ಹೇಳಿದ್ದು ಇಷ್ಟು. ನಮ್ಮ ಭಾಷೆಗಳಲ್ಲಿ ‘ಚಾಲಕ ಬಂದ’ ಎಂದರೂ ‘ಚಾಲಕ ಬಾಗಿಲು ಮುರಿದ’ ಎಂದರೂ ಚಾಲಕನ ವೇಷ ಒಂದೇ. ಸುಮ್ಮನೆ ಬಂದವನಿಗೂ ಬಾಗಿಲು ಮುರಿದವನಿಗೂ ವ್ಯಾಕರಣ ವ್ಯತ್ಯಾಸ ಮಾಡುವುದಿಲ್ಲ. ಅವನ ಭಾಷೆಯಲ್ಲಿ ಮಾಡುತ್ತದೆ. ಸುಮ್ಮನೆ ಬಂದ ಚಾಲಕ ಬರಿಮೈಯಲ್ಲಿ ಬರುತ್ತಾನೆ. ಮುರಿಸಿಕೊಂಡ ಬಾಗಿಲೂ ಬರಿಮೈಯಲ್ಲೇ ಇರುತ್ತದೆ. ಮುರಿದ ಚಾಲಕನಿಗೆ ಮಾತ್ರ ಒಂದು ಪುಟ್ಟ ಪದವನ್ನು ಗುರುತಾಗಿ ಕಟ್ಟಿ, ವಾಕ್ಯದ ಕೊನೆಯಲ್ಲಿ ನಿಲ್ಲಿಸುತ್ತಾರೆ. ಬಾಗಿಲು ಮೊದಲು, ಮುರಿದದ್ದು ನಡುವೆ, ಮುರಿದವನು ಕೊನೆಗೆ. ಹಿಂದಿಯ ‘ನೇ’ ಇದೇ ಜಾತಿಯದು. ಆದರೆ ಆಫ್ರಿಕಾದಲ್ಲಿ ಈ ಜಾತಿ ಅಪರೂಪ. ಹಳೆಯ ಶಾಸನ ಓಲೆಗರಿ ಏನೂ ಇಲ್ಲದಿರುವುದರಿಂದ ಅದು ಎಲ್ಲಿಂದ ಬಂತೆಂದು ಹೇಳಬೇಕಾದರೆ ಅಕ್ಕಪಕ್ಕದ ಸೋದರ ಭಾಷೆಗಳನ್ನು ಜೋಡಿಸಿ ಊಹಿಸಬೇಕು.

‘ನಿನ್ನ ಊಹೆ ಏನು?’

‘ಕರ್ಮಣಿ ಪ್ರಯೋಗ, ಉಸ್ತಾದ್. ಮೊದಲು ಜನ “ಬಾಗಿಲು ಚಾಲಕನಿಂದ ಮುರಿಯಲ್ಪಟ್ಟಿತು” ಅಂತ ಹೇಳುತ್ತಿದ್ದರು. ಹೇಳಿ ಹೇಳಿ ಅದೇ ಸಾಮಾನ್ಯ ಮಾತಾಯಿತು. “ಇಂದ” ಅನ್ನುವ ಪದ ಮಾಡಿದವನ ಗುರುತಾಗಿ ಉಳಿಯಿತು. ಐದನೆಯ ಅಧ್ಯಾಯ ಪೂರ್ತಿ ಅದೇ. ನನ್ನ ಗೈಡಿನ ಮತವೂ ಅದೇ.’

‘ಹಾಗಾದರೆ ತೊಂದರೆ ಏನು?’

ತೊಂದರೆ ವೈವಾದ್ದು. ಬೇಸಿಗೆಯ ಕೊನೆಗೆ ವಿಡಿಯೊದಲ್ಲಿ ಪರೀಕ್ಷೆ. ಅವನ ದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕ ಹುದ್ದೆಯೊಂದನ್ನು ಆ ವರ್ಷ ಮುಗಿಯುವವರೆಗೆ ಅವನಿಗಾಗಿ ಹಿಡಿದಿಟ್ಟಿದ್ದರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಜೂಬಾದಲ್ಲಿ. ವರ್ಷಕ್ಕೊಂದು ರಜೆಯಲ್ಲಿ ಬರುವ ಈ ಎತ್ತರದ ಮನುಷ್ಯನನ್ನು ಚಿಕ್ಕವಳು ಪ್ರತಿಸಲವೂ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಿದ್ದಳು. ಪದವಿ ಸಿಕ್ಕರೆ ಮನೆಗೆ ಹೋಗಬಹುದು. ಸಿಗದಿದ್ದರೆ ಸುಂಕದ ಕಾಗದ. ಲೆಕ್ಕ ಅಷ್ಟು ಸರಳ. ಆದರೆ ಗೈಡು ಒಂದು ಅಭ್ಯಾಸದ ಪರೀಕ್ಷೆ ನಡೆಸಿದಾಗ ಇವನು ಎದುರಿನವರ ಪ್ರತಿಯೊಂದು ಆಕ್ಷೇಪಕ್ಕೂ ‘ಹೌದು ಸರ್, ಅದೂ ಸಾಧ್ಯ’ ಎಂದು ಉತ್ತರಿಸಿದನಂತೆ. ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಕಚೇರಿಯಲ್ಲಿ ವರ್ಷಗಟ್ಟಲೆ ಕೂತವನು ಯಾವ ಆಪಾದನೆಗೂ ‘ನೋಟೆಡ್’ ಎಂದು ಉತ್ತರಿಸುವುದನ್ನು ಬಿಟ್ಟು ಬೇರೇನೂ ಕಲಿಯುವುದಿಲ್ಲ.

‘ಜಗಳ ಆಡುವುದನ್ನು ಕಲಿತು ಬಾ ಅಂದರು ಗೈಡು. ಎಲ್ಲಿ ಕಲಿಯಲಿ?’ ಎಂದು ಕೇಳಿದ.

ಕತಾರಿನಲ್ಲಿ ಅದಕ್ಕೆ ಸರಿಯಾದ ವಿಳಾಸ ನನಗೆ ಗೊತ್ತಿತ್ತು.

ಹಾಜಿಯವರು ದಕ್ಷಿಣ ಕನ್ನಡದ ಬ್ಯಾರಿ ಮುಸಲ್ಮಾನರು. ಹಡಗುಗಳಿಗೆ ಹಗ್ಗ, ಬಣ್ಣ, ಈರುಳ್ಳಿ, ಟಾಯ್ಲೆಟ್ ಪೇಪರು ಒದಗಿಸುವ ವ್ಯಾಪಾರ. ದೋಹಾ ಮರಳಾಗಿದ್ದಾಗಿನಿಂದ ಇದ್ದೇನೆ ಎಂದು ಹೇಳಿಕೊಳ್ಳುತ್ತಾರೆ, ನಿಜವೂ ಇರಬಹುದು. ಅಲ್ ಥುಮಾಮಾದಲ್ಲಿ ದೊಡ್ಡ ಮನೆ. ಮನೆಯ ಮಜ್ಲಿಸಿನಲ್ಲಿ, ಅಂದರೆ ಗಂಡಸರು ಕೂರುವ ಉದ್ದನೆಯ ಕೋಣೆಯಲ್ಲಿ, ಶುಕ್ರವಾರ ಸಂಜೆಯ ನಮಾಜಿನ ಮುಂಚೆ ತಾಳಮದ್ದಳೆ ನಡೆಯುತ್ತಿತ್ತು.

ಬಯಲುಸೀಮೆಯ ಓದುಗರಿಗೆ ಒಂದು ಮಾತು. ತಾಳಮದ್ದಳೆ ಎಂದರೆ ಯಕ್ಷಗಾನದಿಂದ ವೇಷ, ಬಣ್ಣ, ಕುಣಿತ ಮೂರನ್ನೂ ತೆಗೆದು ಜಗಳವನ್ನು ಮಾತ್ರ ಉಳಿಸಿಕೊಂಡದ್ದು. ಭಾಗವತರು ಪ್ರಸಂಗದ ಒಂದು ಪದ್ಯ ಹಾಡುತ್ತಾರೆ. ಪಂಚೆಯುಟ್ಟ ಇಬ್ಬರು ಎದುರುಬದುರು ಕೂತು ಒಬ್ಬ ದೇವರಾಗಿಯೂ ಇನ್ನೊಬ್ಬ ರಾಕ್ಷಸನಾಗಿಯೂ ಸ್ಥಳದಲ್ಲೇ ಮಾತು ಹುಟ್ಟಿಸಿ ವಾದಿಸುತ್ತಾರೆ. ಇವರನ್ನು ಅರ್ಥಧಾರಿಗಳು ಎನ್ನುತ್ತಾರೆ. ಗೆಲ್ಲುವುದು ಯಾರೆಂದು ಪ್ರಸಂಗದಲ್ಲಿ ಮೊದಲೇ ಬರೆದಿರುತ್ತದೆ. ಆದ್ದರಿಂದ ಯಾರು ಬೇಕಾದರೂ ಎಷ್ಟು ಬೇಕಾದರೂ ಚೆನ್ನಾಗಿ ಮಾತಾಡಬಹುದು. ರಾಕ್ಷಸ ದೇವರ ಬಾಯಿ ಮುಚ್ಚಿಸಿ, ಸಭೆಯ ಚಪ್ಪಾಳೆ ಗಿಟ್ಟಿಸಿ, ಆಮೇಲೆ ಶಿಸ್ತಾಗಿ ಸಾಯುತ್ತಾನೆ. ಹಾಜಿಯವರ ಖ್ಯಾತಿ ಇರುವುದು ಸಾಯುವ ಪಾತ್ರಗಳಲ್ಲಿ.

ಮೊದಲ ಶುಕ್ರವಾರ ಪಕ್ಕದ ಮೇಜಿನ ಸ್ನೇಹಿತನನ್ನು ಕರೆದುಕೊಂಡು ಹೋಗಿ ನಾನು ವಿಷಯ ವಿವರಿಸಿದೆ. ಹಾಜಿಯವರು ಕಣ್ಣು ಮುಚ್ಚಿ ಕೇಳಿದರು. ಪಕ್ಕದಲ್ಲಿ ಭಾಗವತರು. ಅವರು ಉಡುಪಿ ಕಡೆಯವರು, ವೆಸ್ಟ್ ಬೇಯ ಒಂದು ಗೋಪುರದಲ್ಲಿ ಲೆಕ್ಕಪರಿಶೋಧನೆ ಮಾಡುವವರು, ಯಾವುದನ್ನೂ ಪುರಾವೆಯಿಲ್ಲದೆ ನಂಬದವರು.

‘ಎಂತದ್ದು ಮಾರಾಯ್ರೆ ಇದು?’ ಎಂದರು ಭಾಗವತರು. ‘ಪ್ರಸಂಗ ಯಾವುದು? ಪದ್ಯ ಎಲ್ಲುಂಟು? ಪದ್ಯ ಇಲ್ಲದೆ ಅರ್ಥ ಹೇಳ್ಲಿಕ್ಕೆ ಆಗ್ತದಾ?’

‘ಪದ್ಯ ನೀವು ಕಟ್ಟಿ,’ ಎಂದರು ಹಾಜಿಯವರು ಕಣ್ಣು ತೆರೆಯದೆ.

‘ಎರ್ಗೆಟಿವ್ ಅನ್ನೋದು ಯಾವ ತಾಳಕ್ಕೂ ಕೂರೂದಿಲ್ಲ ಹಾಜಿಯವ್ರೇ. ನಾನು ಈಗ ಮನಸ್ಸಿನಲ್ಲೇ ನೋಡಿದೆ.’

‘ಹಾಗಾದ್ರೆ ಬರೀ ಆಲಾಪ ಮಾಡಿ. ಇವ ಯಾವ ಪಕ್ಷ?’

ಸ್ನೇಹಿತ ಕರ್ಮಣಿಯ ಪಕ್ಷ ಎಂದೆ. ಎದುರು ಪಕ್ಷ ಯಾವುದುಂಟು ಎಂದು ಕೇಳಿದರು. ಅದಕ್ಕೆ ಸ್ನೇಹಿತ ಅರಬ್ಬಿಯಲ್ಲಿ ಉತ್ತರ ಕೊಟ್ಟ. ಹಾಜಿಯವರ ಅರಬ್ಬಿ ಕೊಲ್ಲಿಯ ಬಂದರಿನದು, ಇವನದು ನೈಲ್ ದಂಡೆಯದು; ಎರಡೂ ಸಂತೆಯಲ್ಲಿ ಬೆಳೆದವಾದ್ದರಿಂದ ಜಗಳಕ್ಕೆ ಸಾಕಾಗುತ್ತಿತ್ತು. ಎದುರು ಪಕ್ಷದ ಮತ ಇದು: ಆ ಪುಟ್ಟ ಪದ ‘ಇಂದ’ ಅಲ್ಲ; ಅದು ಕೈ ಮಾಡಿ ತೋರಿಸುವ ‘ಅದೋ’. ಜನ ಮೊದಲು ಬಾಗಿಲು ಮುರಿದ ಸುದ್ದಿ ಹೇಳಿ, ಒಂದು ಕ್ಷಣ ನಿಲ್ಲಿಸಿ, ‘ಅದೋ, ಆ ಚಾಲಕ’ ಎಂದು ಕೊನೆಗೆ ಸೇರಿಸುತ್ತಿದ್ದರು. ತೋರಿಸುವ ಪದವೇ ಸವೆದು ಸವೆದು ಗುರುತಾಯಿತು.

‘ಇದಕ್ಕೆ ಹೆಚ್ಚು ಬೆಂಬಲ ಇಲ್ಲ,’ ಎಂದ ಸ್ನೇಹಿತ. ‘ಅಡಿಟಿಪ್ಪಣಿಯಲ್ಲಿ ಹಾಕಿ ಬಿಟ್ಟಿದ್ದೇನೆ.’

‘ಸೋಲುವ ಪಕ್ಷ ಅಲ್ವಾ? ನನಗೆ ಇರ್ಲಿ,’ ಎಂದರು ಹಾಜಿಯವರು. ‘ಯಲ್ಲಾ, ಯಾ ದಕ್ತೂರ್, ಕೂತ್ಕೊ.’

ಪದವಿ ಬರುವ ಮೊದಲೇ ಡಾಕ್ಟರು ಎಂದು ಕರೆದದ್ದಕ್ಕೆ ಸ್ನೇಹಿತ ನಾಚಿದ. ಹಾಜಿಯವರು ಅವನಿಗೆ ಕೂರುವ ರೀತಿ ಹೇಳಿಕೊಟ್ಟರು: ಬೆನ್ನು ನೆಟ್ಟಗೆ, ಎರಡೂ ಕೈ ತೊಡೆಯ ಮೇಲೆ, ಎದುರಿನವನು ಮಾತಾಡುವಾಗ ತಲೆ ಆಡಿಸಬಾರದು. ‘ತಲೆ ಆಡಿಸಿದ್ರೆ ಒಪ್ಪಿದ ಹಾಗೆ. ನಿನ್ನ ತಲೆ ನೋಡು, ಗೋಡೆ ಗಡಿಯಾರದ ಪೆಂಡುಲಮ್ಮಿನ ಹಾಗೆ ಆಡ್ತಾ ಉಂಟು.’

ಮೊದಲ ದಿನ ಅವನು ಹಾಜಿಯವರ ಒಂದೊಂದು ಮಾತಿಗೂ ‘ಹೌದು, ಅದೂ ಸಾಧ್ಯ’ ಎಂದ. ಹಾಜಿಯವರಿಗೆ ಇಷ್ಟು ಸುಲಭದ ಗೆಲುವು ಜೀವಮಾನದಲ್ಲಿ ಸಿಕ್ಕಿರಲಿಲ್ಲ; ಅವರಿಗೆ ಅದು ಅವಮಾನವಾಗಿ ಕಂಡಿತು. ‘ಎದುರು ಯಾರಾದ್ರೂ ಬೇಕಲ್ಲ ಮಾರಾಯ್ರೆ. ಇವ ಖಾಲಿ ಕುರ್ಚಿ,’ ಎಂದು ನನ್ನ ಹತ್ತಿರ ದೂರಿದರು. ಎರಡನೆಯ ವಾರ ಸ್ನೇಹಿತ ತಲೆ ಆಡಿಸುವುದನ್ನು ನಿಲ್ಲಿಸಿದ. ಮೂರನೆಯ ವಾರ ಒಂದು ಸಲ ‘ಲಾ’ ಎಂದ, ಅಂದರೆ ಇಲ್ಲ. ಭಾಗವತರು ತಾಳ ಒಮ್ಮೆ ತಟ್ಟಿ ಅದನ್ನು ಗೌರವಿಸಿದರು.

ವಿಮಾನ ನಿಲ್ದಾಣ ಹತ್ತಿರ. ತಲೆಯ ಮೇಲೆ ವಿಮಾನ ಇಳಿಯುವಾಗ ಎರಡೂ ಪಕ್ಷದವರು ಬಾಯಿ ಮುಚ್ಚಿ, ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ಕೂರುತ್ತಿದ್ದರು. ಅದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಒಳಗಿನಿಂದ ಕರಕ್ ಚಹಾ ಬರುತ್ತಿತ್ತು.

ಕೆಟ್ಟದ್ದು ಆದದ್ದು ನಾಲ್ಕನೆಯ ಶುಕ್ರವಾರ. ಆವತ್ತು ಸ್ನೇಹಿತ ಚೆನ್ನಾಗಿ ಮಾತಾಡಿದ. ತನ್ನ ಅಜ್ಜಿ ಹೇಳುತ್ತಿದ್ದ, ಕತ್ತೆಕಿರುಬ ಮೇಕೆಯನ್ನು ತಿಂದ ಕತೆಯನ್ನು ಉದಾಹರಣೆಯಾಗಿಟ್ಟು ಕರ್ಮಣಿಯ ಪಕ್ಷವನ್ನು ಕ್ರಮವಾಗಿ ಕಟ್ಟಿದ: ಮುರಿಯಲ್ಪಟ್ಟದ್ದು ಮೊದಲು ಬರುವುದು ಕರ್ಮಣಿಯ ಲಕ್ಷಣ, ಮಾಡಿದವನಿಗೆ ಗುರುತು ಬೇಕಾಗುವುದು ಕರ್ಮಣಿಯ ಲಕ್ಷಣ, ಜಗತ್ತಿನ ಬೇರೆ ಮೂಲೆಗಳಲ್ಲಿ ಎರ್ಗೆಟಿವ್ ಹುಟ್ಟಿದ್ದೂ ಹೀಗೆಯೇ. ಹಾಜಿಯವರು ಕೇಳಿದರು. ಅವರ ಮುಖದಲ್ಲಿ ಒಂದು ತೃಪ್ತಿ ಕಂಡಿತು. ಕೊನೆಗೂ ಎದುರು ಒಬ್ಬನಿದ್ದಾನೆ. ಅರ್ಥಧಾರಿಯೊಬ್ಬನಿಗೆ ಅಂಥ ಹೊತ್ತಿನಲ್ಲಿ ಏನಾಗುತ್ತದೆ ಎಂಬುದನ್ನು ನಾನು ಮೊದಲೇ ಊಹಿಸಬೇಕಿತ್ತೇನೋ. ಆದರೆ ಮೈಸೂರಿನ ಕಡೆ ನಾವು ಎದುರಾಳಿ ಸಿಕ್ಕಾಗ ಖುಷಿ ಪಡುವವರಲ್ಲ. ಜಾಗ ಬಿಟ್ಟು ಮನೆಗೆ ಹೋಗುವವರು.

ಹಾಜಿಯವರು ಅರಬ್ಬಿ ಬಿಟ್ಟರು. ಅರ್ಥ ಏರಿದಾಗ ಅವರಿಗೆ ಕನ್ನಡವೇ ಬೇಕು, ಅದೂ ಕಿರೀಟ ತೊಟ್ಟ ಕನ್ನಡ. ನಾನು ಪಕ್ಕದಲ್ಲಿ ಕೂತು ಇಂಗ್ಲಿಷಿಗೆ ತಿರುಗಿಸಿದೆ.

‘ಎಲೈ ವಿದ್ವಾಂಸನೆ! ನಿನ್ನ ಕರ್ಮಣಿಯೆಂಬುದು ಹುಟ್ಟಿದ್ದೇ ಕರ್ತೃವನ್ನು ಮರೆಮಾಡುವುದಕ್ಕೆ. ಇಗೋ, ಈ ಮೈಸೂರಿನ ಮಹಾಶಯ ದಿನವೂ ಬರೆಯುವ ವರದಿಯನ್ನು ನೋಡು. ಪೆಟ್ಟಿಗೆ ಒಡೆಯಲ್ಪಟ್ಟಿದೆ! ಯಾರಿಂದ? ಉತ್ತರವಿಲ್ಲ. ಅಡಗುವುದಕ್ಕೆ ಪೊದೆ ಕಟ್ಟಿದವನು ಪೊದೆಯ ಮುಂದೆ ನಿಂತು ತನ್ನ ಹೆಸರನ್ನು ಕೂಗುವನೇ? ನಿನ್ನ ಅಜ್ಜಿ ಕತೆ ಹೇಳುತ್ತಿದ್ದಳೆಂದೆಯಲ್ಲ. ಮೇಕೆಯನ್ನು ತಿಂದದ್ದು ಯಾರೆಂದು ಆಕೆ ಮರೆಮಾಡುತ್ತಿದ್ದಳೋ, ಕೈ ಎತ್ತಿ ತೋರಿಸುತ್ತಿದ್ದಳೋ? ನಿನ್ನ ಜನ ಮಾಡಿದವನನ್ನು ಒಮ್ಮೆಯಾದರೂ ಹೇಳದೆ ಬಿಟ್ಟದ್ದುಂಟೋ? ಬಿಟ್ಟಿಲ್ಲವಾದರೆ ಅದು ಕರ್ಮಣಿಯಲ್ಲ. ಅದು ಬೆರಳು!’

ತೋರುಬೆರಳನ್ನು ಮುಂದೆ ಚಾಚಿ ನಿಲ್ಲಿಸಿದರು. ನನ್ನ ಅನುವಾದದಲ್ಲಿ ಕಿರೀಟ ಬಿದ್ದುಹೋಗಿತ್ತು; ಬೆರಳು ಉಳಿದಿತ್ತು. ಮೇಲೆ ಒಂದು ವಿಮಾನ ಬಂತು. ಎಲ್ಲರೂ ಕಾದೆವು. ವಿಮಾನ ಹೋಯಿತು. ಸ್ನೇಹಿತ ಇನ್ನೂ ಆ ಬೆರಳನ್ನೇ ನೋಡುತ್ತಿದ್ದ.

‘ಹೇಳು, ಹೇಳು,’ ಎಂದರು ಹಾಜಿಯವರು ಸಾದಾ ದನಿಗೆ ಇಳಿದು. ‘ಇದಕ್ಕೆ ನೀನು ಎಂತ ಹೇಳ್ತಿ? ಪರೀಕ್ಷೆಯಲ್ಲಿ ಕೇಳಿದ್ರೆ?’

ಅವನು ಎದ್ದು, ಎಲ್ಲರಿಗೂ ಕೈಮುಟ್ಟಿ ಸಲಾಂ ಹೇಳಿ, ಮನೆಗೆ ಹೋದ.

ಒಳಬಾಗಿಲಿನ ಪರದೆಯ ಹಿಂದಿನಿಂದ ಹಾಜಿಯವರ ಹೆಂಡತಿ, ನನಗೂ ತಿಳಿಯಲಿ ಎಂದೋ ಏನೋ, ಬ್ಯಾರಿ ಭಾಷೆ ಬಿಟ್ಟು ಕನ್ನಡದಲ್ಲೇ ಹೇಳಿದರು: ‘ಆ ಮನುಷ್ಯನ ತಲೆ ಹಾಳು ಮಾಡಿದ್ರಿ. ಚಹಾ ಸಹ ಕುಡೀಲಿಲ್ಲ.’

ಭಾನುವಾರ ಕಚೇರಿಯಲ್ಲಿ ಸ್ನೇಹಿತನ ಕಣ್ಣು ಕೆಂಪಾಗಿತ್ತು. ಶನಿವಾರ ಪೂರ್ತಿ ತನ್ನ ಅಜ್ಜಿಯ ಕತೆಗಳ ಧ್ವನಿಮುದ್ರಣ ಕೇಳುತ್ತ ಕೂತಿದ್ದನಂತೆ. ಸಂಶೋಧನೆಗೆಂದು ಅವನೇ ಹಿಂದೆ ಮಾಡಿಕೊಂಡಿದ್ದವು; ಬರೆದುಕೊಂಡು, ವಿಂಗಡಿಸಿ, ಆಮೇಲೆ ಕೇಳುವುದನ್ನು ಬಿಟ್ಟಿದ್ದ.

‘ಮೇಕೆಯನ್ನು ತಿಂದಿತು ಅಂತ ಹೇಳಿ ನಿಲ್ಲಿಸುತ್ತಾಳೆ, ಉಸ್ತಾದ್. ನಿಲ್ಲಿಸಿದ ಮೇಲೆ “ಅದೋ, ಕತ್ತೆಕಿರುಬ” ಅನ್ನುತ್ತಾಳೆ. ಬರೆದುಕೊಳ್ಳುವಾಗ ಆ ನಿಲುಗಡೆಯನ್ನು ನಾನು ಬಿಟ್ಟುಬಿಟ್ಟಿದ್ದೆ. ನಿಲುಗಡೆಗೆ ಅಕ್ಷರ ಇಲ್ಲವಲ್ಲ. ಸೋದರ ಭಾಷೆಗಳಲ್ಲೂ ಆ ಪದ ತೋರಿಸುವುದಕ್ಕೇ ಇದೆ. “ಇಂದ” ಅನ್ನುವ ಅರ್ಥ ನನಗೆ ಎಲ್ಲೂ ಸಿಕ್ಕಿಲ್ಲ, ಸಿಗಬಹುದು ಅಂತ ಬರೆದಿದ್ದೇನೆ.’

‘ಬರೆದಿದ್ದೀಯಲ್ಲ, ಸಾಕು.’

‘ಹಾಜಿ ಹೇಳಿದ್ದು ಸರಿ.’

ನಾನು ಪೆನ್ನು ಕೆಳಗಿಟ್ಟೆ. ಆಗಷ್ಟೇ ಒಂದು ಲಾರಿ ಗೇಟಿಗೆ ತಾನಾಗಿಯೇ ಡಿಕ್ಕಿ ಹೊಡೆದುಕೊಂಡ ವರದಿ ಬರೆಯುತ್ತಿದ್ದೆ. ನಾನು ಹೇಳಿದೆ: ‘ನೋಡಪ್ಪ, ಹಾಜಿಯವರಿಗೆ ವ್ಯಾಕರಣ ಗೊತ್ತಿಲ್ಲ. ಅವರು ಹೋದ ತಿಂಗಳು ಒಬ್ಬ ರಾಕ್ಷಸನ ಪರವಾಗಿ ಇದಕ್ಕಿಂತ ಚೆನ್ನಾಗಿ ಮಾತಾಡಿದರು. ಹಾಗಂತ ಯಾರೂ ರಾಕ್ಷಸನ ಪೂಜೆ ಮಾಡಲಿಲ್ಲ. ಮೊದಲು ಪದವಿ ತಗೋ. ಆಮೇಲೆ ಮನಸ್ಸು ಬದಲಾಯಿಸು. ಲೋಕದಲ್ಲಿ ವಿದ್ವಾಂಸರೆಲ್ಲ ಮಾಡುವುದು ಅದೇ ಕ್ರಮದಲ್ಲಿ.’

‘ನೋಟೆಡ್,’ ಎಂದ.

ಮಧ್ಯಾಹ್ನ ಹಾಜಿಯವರಿಗೆ ಫೋನು ಮಾಡಿದೆ. ಸುದ್ದಿ ಹೇಳಿದೆ. ಹಿನ್ನೆಲೆಯಲ್ಲಿ ಯಾರೋ ಈರುಳ್ಳಿ ಮೂಟೆ ಎಣಿಸುವುದು ಕೇಳುತ್ತಿತ್ತು.

‘ಎಂತ ಹೇಳ್ತೀರಿ? ನಂಬಿದನಾ?’

‘ನಂಬಿದ.’

‘ನಾನು ಪಾತ್ರ ಅಲ್ವಾ ಮಾರಾಯ್ರೆ ಮಾಡಿದ್ದು! ಪಾತ್ರ ಹೇಳಿದ್ದನ್ನು ಯಾರಾದ್ರೂ ನಂಬ್ತಾರಾ? ಮೂವತ್ತು ನಲ್ವತ್ತು ವರ್ಷದಿಂದ ಸುಳ್ಳು ಪಕ್ಷ ಹೇಳಿದ್ದೇನೆ, ಒಬ್ಬನೂ ನಂಬಿದ್ದಿಲ್ಲ. ಚಪ್ಪಾಳೆ ಹೊಡೀತಾರೆ, ಊಟ ಮಾಡ್ತಾರೆ, ಮನೆಗೆ ಹೋಗ್ತಾರೆ. ಅವನಿಗೆ ನೀವು ಮೊದಲೇ ಹೇಳ್ಬೇಕಿತ್ತಲ್ಲ?’

ಹೇಳಬೇಕಿತ್ತು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಕರಾವಳಿಯಲ್ಲಿ ವಾದ ಮಾಡುವ ಖಾತೆಯೇ ಬೇರೆ, ನಂಬುವ ಖಾತೆಯೇ ಬೇರೆ. ಎರಡಕ್ಕೂ ಒಂದೇ ಬಾಯಿ ಇರುವುದು ಆಡಳಿತದ ಅನುಕೂಲಕ್ಕೆ ಮಾತ್ರ. ಇದು ಎಷ್ಟು ಸಹಜವೆಂದರೆ ಹೊರಗಿನವನಿಗೆ ಹೇಳಿಕೊಡಬೇಕಾದ ಸಂಗತಿ ಎಂದು ಅನ್ನಿಸುವುದಿಲ್ಲ. ನೀರು ಒದ್ದೆ ಎಂದು ಯಾರು ಹೇಳುತ್ತಾರೆ?

ಹಾಜಿಯವರು ಪರಿಹಾರವನ್ನೂ ತಮ್ಮ ಶಾಸ್ತ್ರದೊಳಗಿನಿಂದಲೇ ತೆಗೆದರು: ಪಾತ್ರ ಬದಲು. ಮುಂದಿನ ಶುಕ್ರವಾರ ತಾವು ಕರ್ಮಣಿಯ ಪಕ್ಷ ಹಿಡಿಯುವುದು, ಅವನಿಗೆ ಬೆರಳಿನ ಪಕ್ಷ ಕೊಡುವುದು, ಅವನನ್ನು ಸೋಲಿಸಿ ಮರಳಿ ಸ್ವಂತ ಪ್ರಬಂಧಕ್ಕೆ ಕಳಿಸುವುದು. ‘ಕಟ್ಟಿದವನಿಗೆ ಬಿಚ್ಚಲಿಕ್ಕೂ ಗೊತ್ತುಂಟು,’ ಎಂದರು. ಭಾಗವತರಿಗೆ ಈ ಯೋಜನೆಯಲ್ಲಿ ನಂಬಿಕೆ ಇರಲಿಲ್ಲ. ಒಂದು ವಸ್ತುವನ್ನು ಎರಡು ಸಲ ಲೆಕ್ಕಕ್ಕೆ ತೆಗೆದುಕೊಂಡ ಹಾಗಾಗುತ್ತದೆ ಎಂದರು.

ಆ ಶುಕ್ರವಾರ ಹಾಜಿಯವರು ಹೊಸ ಬಿಳಿ ಪಂಚೆ ಉಟ್ಟು ಬಂದು ಕೂತರು. ವಾರವಿಡೀ ತಯಾರಿ ಮಾಡಿದ್ದರು. ಪ್ರಬಂಧದ ಐದನೆಯ ಅಧ್ಯಾಯವನ್ನು ಅಂಗಡಿಯ ಗುಮಾಸ್ತನಿಂದ ಓದಿಸಿ ಕೇಳಿದ್ದರು. ‘ಎಲೈ!’ ಎಂದು ಆರಂಭಿಸಿ ಚೆನ್ನಾಗಿಯೇ ಮಾತಾಡಿದರು. ಮೇಕೆ ಕಳೆದುಕೊಂಡವನಿಗೆ ಕತ್ತೆಕಿರುಬದ ಕುಲಗೋತ್ರದಿಂದ ಆಗಬೇಕಾದ್ದೇನು? ಅವನ ಮನಸ್ಸಿನಲ್ಲಿರುವುದು ಮೇಕೆ. ಅವನ ನಾಲಿಗೆಗೆ ಮೊದಲು ಬರುವುದೂ ಮೇಕೆ. ನೊಂದದ್ದನ್ನು ಮುಂದಿಡುವ ಮಾತೇ ಕರ್ಮಣಿ; ಅದು ಅಡಗುವುದಕ್ಕೆ ಹುಟ್ಟಿದ್ದಲ್ಲ, ಅಳುವುದಕ್ಕೆ ಹುಟ್ಟಿದ್ದು. ನನಗೆ ಇದು ಹೋದ ವಾರದ ವಾದಕ್ಕಿಂತ ಹಿಡಿಸಿತು. ಪರದೆಯ ಹಿಂದೆಯೂ ಬಳೆ ಸದ್ದು ನಿಂತಿತ್ತು.

ಸ್ನೇಹಿತ ಬೆನ್ನು ನೆಟ್ಟಗೆ ಮಾಡಿ, ಕೈ ತೊಡೆಯ ಮೇಲಿಟ್ಟು, ತಲೆ ಒಂದಿಷ್ಟೂ ಆಡಿಸದೆ ಕೇಳಿದ. ಆಮೇಲೆ ಹೇಳಿದ, ಅರಬ್ಬಿಯಲ್ಲಿ, ನಿಧಾನವಾಗಿ:

‘ಮೇಕೆ ಮೊದಲು ಬಂದದ್ದು ಯಾಕೆ ಅಂತ ಹೇಳಿದಿರಿ, ಯಾ ಹಾಜಿ. ಚೆನ್ನಾಗಿ ಹೇಳಿದಿರಿ. ಪ್ರಶ್ನೆ ಅದಲ್ಲ. ಕತ್ತೆಕಿರುಬದ ಕೊರಳಿಗೆ ಆ ಗುರುತು ಕಟ್ಟಿದ್ದು ಯಾರು? ನೀವು ಮೇಕೆಗೆ ಅತ್ತಿರಿ. ಗುರುತಿನ ವಿಷಯ ಒಂದು ಮಾತು ಆಡಲಿಲ್ಲ.’

ಹಾಜಿಯವರು ಬಾಯಿ ತೆರೆದರು. ಮೇಲೆ ವಿಮಾನವೂ ಬರಲಿಲ್ಲ. ಭಾಗವತರು ಒಂದು ಆಲಾಪ ಎಳೆದು ಅವರಿಗೆ ಸಮಯ ಕೊಡಿಸಲು ನೋಡಿದರು. ಹಾಜಿಯವರು ಕೈ ಅಡ್ಡ ಹಿಡಿದು ನಿಲ್ಲಿಸಿದರು.

‘ಖಲಾಸ್,’ ಎಂದರು. ‘ನನ್ನಲ್ಲಿ ಮಾತು ಮಾಫಿ, ಒಂದೂ ಇಲ್ಲ. ಇವ ಕಲಿತ.’ ಅವರ ಮುಖದಲ್ಲಿ ಗುರುವಿನ ಹಿಗ್ಗು ಒಂದು ಕ್ಷಣ ಕಾಣಿಸಿಕೊಂಡು, ತಾವು ಮಾಡಿದ್ದೇನೆಂದು ನೆನಪಾಗಿ ಇಳಿದುಹೋಯಿತು. ‘ಆದ್ರೆ ದಕ್ತೂರ್, ಪ್ರಸಂಗದ ಪ್ರಕಾರ ಈಗ ನೀನು ಸೋಲ್ಬೇಕು. ನಮ್ಮಲ್ಲಿ ಕ್ರಮ ಉಂಟು. ಎಷ್ಟು ಮಾತಾಡಿದ್ರೂ ಕೊನೆಗೆ ಕತೆ ಹೇಗುಂಟೋ ಹಾಗೆ. ನಾನು ಎಷ್ಟು ಸಲ ಗೆದ್ದು ಸತ್ತಿಲ್ಲ?’

‘ಈ ಕತೆ ಬರೆದವನು ನಾನೇ ಅಲ್ಲವೇ, ಯಾ ಹಾಜಿ? ತಪ್ಪು ಬರೆದಿದ್ದರೆ ತಿದ್ದುವವನು ಯಾರು?’

‘ಪರೀಕ್ಷೆ ಆದ ಮೇಲೆ ತಿದ್ದು!’ ಎಂದು ನಾವು ಮೂವರೂ ಒಟ್ಟಿಗೆ, ಎರಡು ಮೂರು ಭಾಷೆಗಳಲ್ಲಿ ಕೂಗಿದೆವು. ವಿದ್ವತ್ ಸಭೆಯೊಂದರಲ್ಲಿ ಇಷ್ಟು ಒಮ್ಮತವನ್ನು ನಾನು ಕಂಡದ್ದಿಲ್ಲ.

‘ಮಕ್ಕಳ ಮುಖ ನೆನಪು ಮಾಡ್ಕೊ,’ ಎಂದರು ಹಾಜಿಯವರು, ಈಗ ಯಾವ ಪಾತ್ರವೂ ಅಲ್ಲದ ದನಿಯಲ್ಲಿ. ‘ಹುದ್ದೆ ಉಂಟು, ಮನೆ ಉಂಟು. ಒಂದು ಪದ ಎಲ್ಲಿಂದ ಬಂತು ಅಂತ ಯಾರಿಗೆ ಬೇಕು?’

‘ನೀವು ನನಗೆ “ಲಾ” ಹೇಳಲು ಕಲಿಸಿದಿರಿ,’ ಎಂದ ಸ್ನೇಹಿತ. ‘ಬೇರೆಯವರಿಗೆ ಮಾತ್ರ ಹೇಳು ಅಂತ ಕಲಿಸಲಿಲ್ಲ.’

ಆವತ್ತು ಚಹಾ ಕುಡಿದೇ ಹೋದ.

ಪರೀಕ್ಷೆ ನಡೆದದ್ದು ವೆಸ್ಟ್ ಬೇಯ ಒಂದು ಹೋಟೆಲಿನ ಸಣ್ಣ ಮೀಟಿಂಗ್ ಕೋಣೆಯಲ್ಲಿ. ಅವನ ಬಾಡಿಗೆ ಮನೆಯಲ್ಲಿ ಇಂಟರ್ನೆಟ್ ನಂಬುವ ಹಾಗಿರಲಿಲ್ಲ, ಜೊತೆಗಿದ್ದವರನ್ನೂ ನಂಬುವ ಹಾಗಿರಲಿಲ್ಲ. ಹೋಟೆಲಿನವರ ಪರಿಚಯ ಹಾಜಿಯವರದು. ನಾವಿಬ್ಬರೂ ಹೊರಗೆ ಲಾಬಿಯ ಸೋಫಾದಲ್ಲಿ, ಮಗಳ ಹೆರಿಗೆಗೆ ಕಾದವರ ಹಾಗೆ ಕೂತೆವು. ಹಾಜಿಯವರು ಜಪಮಣಿ ಎಳೆಯುತ್ತಿದ್ದರು. ನಡುವೆ ಒಮ್ಮೆ ನಿಲ್ಲಿಸಿ, ‘ಎದುರು ಪಕ್ಷದಲ್ಲಿ ಯಾರು ಕೂತಿದ್ದಾರೆ?’ ಎಂದು ಕೇಳಿದರು. ಇಬ್ಬರು ಪ್ರೊಫೆಸರುಗಳು ಎಂದೆ. ‘ಅರ್ಥಗಾರಿಕೆ ಗೊತ್ತುಂಟಾ ಅವರಿಗೆ?’ ಗೊತ್ತಿರಲಾರದು ಎಂದೆ. ‘ಪಾಪ,’ ಎಂದರು.

ಬಾಗಿಲು ತೆರೆದು ಅವನು ಹೊರಗೆ ಬಂದಾಗ ಮೊದಲಿಗಿಂತ ಎತ್ತರವಾಗಿ ಕಂಡ. ಬೆನ್ನು ಇನ್ನೂ ತಾಳಮದ್ದಳೆಯ ಬೆನ್ನೇ ಆಗಿತ್ತು. ಒಳಗೆ ಆದದ್ದನ್ನು ಮೆಲುದನಿಯಲ್ಲಿ ಹೇಳಿದ. ಶುರುವಿನಲ್ಲೇ, ಐದನೆಯ ಅಧ್ಯಾಯದ ತೀರ್ಮಾನವನ್ನು ತಾನು ಈಗ ಒಪ್ಪುವುದಿಲ್ಲ ಎಂದು ಪರೀಕ್ಷಕರಿಗೆ ತಿಳಿಸಿದನಂತೆ. ಗೈಡು ಕ್ಯಾಮೆರಾ ಆಫ್ ಮಾಡಿದರಂತೆ. ಹಿರಿಯ ಪರೀಕ್ಷಕರು, ‘ಹಾಗಾದರೆ ಐದನೆಯ ಅಧ್ಯಾಯವನ್ನು ನಾವು ಯಾಕೆ ಓದಬೇಕು?’ ಎಂದು ಕೇಳಿದರಂತೆ.

‘ನೀನು ಏನಂದೆ?’

‘ಓದಬೇಡಿ ಅಂದೆ.’

ಹಾಜಿಯವರು ಹಣೆಗೆ ಕೈ ಹಚ್ಚಿದರು. ಆಮೇಲೆ ಪರೀಕ್ಷಕರು ಒಂದೂವರೆ ಗಂಟೆ ಅವನನ್ನು ಎಲ್ಲ ಕಡೆಯಿಂದ ಒತ್ತಿದರಂತೆ. ಒಮ್ಮೆಯೂ ‘ಅದೂ ಸಾಧ್ಯ’ ಎನ್ನಲಿಲ್ಲವಂತೆ. ಕೊನೆಗೆ, ಉಳಿದ ಅಧ್ಯಾಯಗಳು ಚೆನ್ನಾಗಿವೆ, ವಾದವೂ ಚೆನ್ನಾಗಿದೆ, ಆದರೆ ಮಾಡಿದ ವಾದ ಪ್ರಬಂಧದಲ್ಲಿಲ್ಲ, ಪ್ರಬಂಧದಲ್ಲಿರುವುದನ್ನು ಅಭ್ಯರ್ಥಿಯೇ ಒಪ್ಪುವುದಿಲ್ಲ, ಆದ್ದರಿಂದ ಬರೆದು ತರಬೇಕು ಎಂದರಂತೆ.

‘ಎಷ್ಟು ಸಮಯ ಕೊಟ್ಟಿದ್ದಾರೆ?’ ಎಂದು ಕೇಳಿದೆ.

‘ಒಂದು ವರ್ಷ.’

ಹುದ್ದೆ ಕಾದಿದ್ದದ್ದು ಆ ವರ್ಷ ಮುಗಿಯುವವರೆಗೆ ಮಾತ್ರ. ಹಾಜಿಯವರು ಅವನ ಕೈ ಹಿಡಿದುಕೊಂಡು ಕಾರಿನ ತನಕ ನಡೆದರು. ಅರಬ್ಬಿಯಲ್ಲಿ ಏನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಆ ವಾರ ಮಜ್ಲಿಸಿನಲ್ಲಿ ಅವರು ಜೀವಮಾನದಲ್ಲಿ ಮೊದಲ ಸಲ ಗೆಲ್ಲುವ ಪಾತ್ರ ಕೇಳಿ ಪಡೆದು, ಬಹಳ ಕೆಟ್ಟದಾಗಿ ಅರ್ಥ ಹೇಳಿದರು ಎಂದು ಭಾಗವತರು ಹೇಳಿದರು.

ಅವನು ಐದನೆಯ ಅಧ್ಯಾಯವನ್ನು ಹೊಸದಾಗಿ ಬರೆದು ಹತ್ತನೆಯ ತಿಂಗಳಲ್ಲಿ ಒಪ್ಪಿಸಿದ. ಪರೀಕ್ಷಕರು ಒಪ್ಪಿದರು. ಪದವಿ ಬಂತು. ಊರಿನ ಹುದ್ದೆಯನ್ನು ಅಷ್ಟರಲ್ಲಿ ಬೇರೊಬ್ಬರಿಗೆ ಕೊಟ್ಟಿದ್ದರು. ಡಾಕ್ಟರಾದ ಮೇಲೂ ಅವನ ಮೇಜಿನ ಮೇಲೆ ಸುಂಕದ ಕಾಗದಗಳೇ ಇದ್ದವು.